ನಡಿಗೆ ಮೇಷ್ಟ್ರು ಬಿಟ್ಟುಕೊಟ್ಟ ಫೈಲು

"ಬಾ, ಹೆದರಬೇಡ. ನಿಧಾನಕ್ಕೆ ಬಾ."

ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ ಟ್ರೈನರ್ ಹೀಗೆ ಅಂದದ್ದೇ ತಡ, ಡ್ರೈವರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹದಿಮೂರು ವರ್ಷ ಸಿಟಿ ಬಸ್ಸು ಓಡಿಸಿದವಳು ಅವಳು. ಬಾಗಿಲಿಗೆ ಜೋತುಬೀಳುವ ಪಡ್ಡೆಗಳೂ ಅವಳನ್ನು ಏಕವಚನದಲ್ಲಿ ಮಾತಾಡಿಸುವ ಧೈರ್ಯ ಮಾಡಿರಲಿಲ್ಲ.

"ಏನ್ರೀ, ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದ್ವಾ? ಬಾ, ಹೋಗು ಅಂತೀರಲ್ಲ!"

ಅವರು ತಲೆಯೆತ್ತಿದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಅಯ್ಯೋ, ನಿಮಗಲ್ಲ ಮೇಡಂ. ಮಂಡಿಗೆ ಹೇಳಿದ್ದು."

ಗೋಡೆ ಪಕ್ಕದ ಕುರ್ಚಿಯಲ್ಲಿದ್ದ ಅವಳ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ಏಳು ತಿಂಗಳಲ್ಲಿ ಅಕ್ಕ ನಕ್ಕಿದ್ದು ಅದೇ ಮೊದಲು.

ಏಳು ತಿಂಗಳ ಹಿಂದೆ ಡ್ರೈವರಮ್ಮ ರಸ್ತೆ ಬದಿಗೆ ಬಸ್ಸು ನಿಲ್ಲಿಸಿ, ಪಂಕ್ಚರಾದ ಚಕ್ರ ನೋಡಲು ಇಳಿದಿದ್ದಳು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಯೊಂದು ಹಿಂದಿನಿಂದ ಬಂದಿತ್ತು. ಪ್ರಯಾಣಿಕರೆಲ್ಲ ಉಳಿದರು. ಅವಳ ಎಡಗಾಲು ತೊಡೆಯ ನಡುವಿನಿಂದ ಕೆಳಗೆ ಉಳಿಯಲಿಲ್ಲ.

ಈಗ ಆ ಜಾಗದಲ್ಲಿ ಮೈಕ್ರೋಪ್ರೊಸೆಸರ್ ಮಂಡಿ. ಒಳಗೊಂದು ಚಿಪ್, ಒಂದು ಪುಟ್ಟ ಎಣ್ಣೆಯ ಸಿಲಿಂಡರ್. ಎಷ್ಟು ಭಾರ ಬಿತ್ತು, ಎಷ್ಟು ಬಾಗಿತು ಎಂದು ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕಿ, ಕಾಲನ್ನು ಬಿಗಿ ಮಾಡುವುದು, ಸಡಿಲ ಬಿಡುವುದು ಅದರ ಕೆಲಸ. ಆದರೆ ಅದು ಸದ್ಯಕ್ಕೆ ಕೃತಕ ಕಾಲಿನ ಸೆಂಟರಿನವರು ಕೊಟ್ಟ ಎರವಲು. ಆರು ವಾರದ ಟ್ರಯಲ್ ಮುಗಿದ ದಿನ ಮೂವರ ಕಮಿಟಿ ಬಂದು ನೋಡುತ್ತದೆ. ಹನ್ನೆರಡು ಮೆಟ್ಟಿಲನ್ನು ಒಂದು ಕಾಲಾದ ಮೇಲೆ ಇನ್ನೊಂದು ಕಾಲಿಟ್ಟು, ಎಲ್ಲರ ಹಾಗೆ ಇಳಿದು ತೋರಿಸಿದರೆ ಮಂಡಿ ಅವಳದು. ಇಲ್ಲವಾದರೆ ಅದು ಬೀರುವಿಗೆ ವಾಪಸ್ಸು. ಹೊಸ ಡ್ರೈವರುಗಳಿಗೆ ಪಾಠ ಹೇಳುವ ಕೆಲಸ ಕೊಡುತ್ತೇವೆ ಎಂದು ಡಿಪೋದವರು ಮಾತು ಕೊಟ್ಟಿದ್ದರು. ದಿನಕ್ಕೆ ನಲವತ್ತು ಸಲ ಬಸ್ಸು ಹತ್ತಿ ಇಳಿಯುವ ಕೆಲಸ ಅದು.

ಸೆಂಟರಿನಲ್ಲಿ ಎಲ್ಲರೂ ಆ ಟ್ರೈನರನ್ನು ನಡಿಗೆ ಮೇಷ್ಟ್ರು ಎನ್ನುತ್ತಿದ್ದರು. ಸಣ್ಣ ದನಿ, ದೊಡ್ಡ ತಾಳ್ಮೆ. ಅವಳು ಎರಡು ಕಂಬಿಗಳ ನಡುವೆ ನಡೆದರೆ ಅವರು ಹಿಮ್ಮುಖವಾಗಿ ಅವಳ ಮುಂದೆ ಮುಂದೆ ನಡೆಯುತ್ತಿದ್ದರು.

"ತುದಿಬೆರಳಿನ ಮೇಲೆ ಭಾರ ಬಿಡಿ. ಆಗ ತಾನೇ ಅದಕ್ಕೆ ಗೊತ್ತಾಗೋದು, ನೀವು ಮುಂದೆ ಹೋಗ್ತೀರಿ ಅಂತ."

"ಅಂದ್ರೆ ಗೇರ್ ಬದಲಾಯಿಸೋ ಮೊದಲು ಕ್ಲಚ್ ಒತ್ತಿದ ಹಾಗೆ."

ಮೇಷ್ಟ್ರು ನಿಂತುಬಿಟ್ಟರು. "ಒಂಬತ್ತು ವರ್ಷದಿಂದ ಪಾಠ ಹೇಳ್ತಿದೀನಿ. ಇಷ್ಟು ಚೆನ್ನಾಗಿ ಹೇಳೋಕೆ ನನಗೇ ಬಂದಿಲ್ಲ." ಹಾಗೆ ಅನ್ನುತ್ತ ಅವಳ ಮುಖ ನೋಡಿದರು. ಮರುಕ್ಷಣ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕಣ್ಣು ತಗ್ಗಿಸಿ ಮಂಡಿಯ ಸ್ಕ್ರೂ ಮುಟ್ಟಿದರು. ಸ್ಕ್ರೂ ಸರಿಯಾಗಿಯೇ ಇತ್ತು.

"ಆ ಮನುಷ್ಯ ಮಂಡಿ ನೋಡೋ ನೆಪದಲ್ಲಿ ನಿನ್ನನ್ನ ನೋಡ್ತಾರೆ ಕಣೇ," ಎಂದಳು ಅಕ್ಕ ಮನೆಗೆ ಹೋಗುವಾಗ.

"ಸುಮ್ನಿರು. ನನ್ನಲ್ಲಿ ನೋಡೋಕೆ ಏನಿದೆ ಈಗ."

ಆದರೂ ಮಾರನೆಯ ದಿನ ತಲೆ ಬಾಚಲು ಹತ್ತು ನಿಮಿಷ ಹೆಚ್ಚೇ ಹಿಡಿಯಿತು.

ಸಮತಟ್ಟಿನಲ್ಲಿ ನಡಿಗೆ ಬಂತು. ಏರು ಬಂತು. ಇಳಿಯುವುದೊಂದು ಬರಲಿಲ್ಲ. ಮೆಟ್ಟಿಲಿನ ಅಂಚಿಗೆ ಅರ್ಧ ಪಾದ ಇಟ್ಟು, ಬಾಗುತ್ತಿರುವ ಮಂಡಿಯ ಮೇಲೆಯೇ ಪೂರ್ತಿ ಭಾರ ಬಿಡಬೇಕು. ಎಣ್ಣೆ ಹಿಡಿದು ಹಿಡಿದು ಇಳಿಸುತ್ತದೆ. ಅವಳ ತಲೆಗೆ ಅದು ತಿಳಿದಿತ್ತು, ಮೈ ಕೇಳುತ್ತಿರಲಿಲ್ಲ. ಪ್ರತಿ ಸಲವೂ ಕಂಬಿ ತಬ್ಬಿಕೊಂಡು ಎಡಗಾಲನ್ನೇ ಮೊದಲು ಕೆಳಗಿಟ್ಟು, ಬಲಗಾಲನ್ನೂ ಅದೇ ಮೆಟ್ಟಿಲಿಗೆ ತಂದಿಡುತ್ತಿದ್ದಳು.

ನಾಲ್ಕನೇ ವಾರ ಒಂದು ಬೆಳಿಗ್ಗೆ ಅವಳು ಮೇಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. "ಬ್ರೇಕ್ ಹಿಡಿಯತ್ತೆ, ಹಿಡಿಯತ್ತೆ ಅಂತೀರಿ. ಆ ಲಾರಿಯವನೂ ಹಾಗೇ ಅಂದ್ಕೊಂಡಿದ್ದ. ನಿಮಗೇನು ಗೊತ್ತು? ಎರಡು ಕಾಲಿದೆ ನಿಮಗೆ."

ಮೇಷ್ಟ್ರು ತಟ್ಟನೆ ಒಳಗೆ ಹೋದರು. ಬೇಜಾರಾಯಿತೇನೋ ಎಂದು ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕುಂಟುತ್ತಾ ವಾಪಸ್ಸು ಬಂದರು. ಎಡಗಾಲನ್ನು ಹಿಂದಕ್ಕೆ ಮಡಚಿ ಒಂದು ಚೌಕಟ್ಟಿಗೆ ಬಿಗಿದುಕೊಂಡಿದ್ದರು. ಅದರ ಕೆಳಗೆ ಅವಳದರಂಥದ್ದೇ ಇನ್ನೊಂದು ಮಂಡಿ.

"ಇದನ್ನ ಹಾಕ್ಕೊಂಡು ನಾನು ಇಳಿದೇ ಇಲ್ಲ," ಎಂದರು. "ನೀವು ಹೇಳಿದ್ದು ನಿಜ. ನನಗೆ ಗೊತ್ತಿಲ್ಲ."

ಮೊದಲ ಮೆಟ್ಟಿಲಿಗೇ ಅವರ ಮುಖ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ಕಂಬಿ ತಬ್ಬಿ ಹಿಂದಕ್ಕೆ ವಾಲಿದರು. ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ತಾನಾಗಿಯೇ ಡ್ರೈವರ್ ಗಂಟಲು ಬಂತು.

"ರೀ, ಹಿಂದಕ್ಕೆ ಎಳ್ಕೋಬೇಡಿ! ಅರ್ಧ ಮನಸ್ಸಿನಲ್ಲಿ ಒತ್ತಿದ್ರೆ ಯಾವ ಬ್ರೇಕೂ ಹಿಡಿಯಲ್ಲ. ಪೂರ್ತಿ ಬಿಡಿ ಭಾರಾನ... ಬಿಡಿ... ಹಾಂ, ಹಾಗೆ!"

ಮಂಡಿ ಮೆಲ್ಲಗೆ ಬಾಗಿತು. ಮೇಷ್ಟ್ರು ಕೆಳಗಿನ ಮೆಟ್ಟಿಲಲ್ಲಿ ನಿಂತು, ಬೆವರಿದ ಮುಖ ಎತ್ತಿ ನಕ್ಕರು. "ಹಿಡೀತು ರೀ!"

"ನೋಡಿದೆ," ಎಂದಳು ಅವಳು. ಎದ್ದಳು. ತನ್ನ ಬಾಯಿಂದ ಬಂದ ಮಾತು ಇನ್ನೂ ಕಿವಿಯಲ್ಲಿತ್ತು. ಅರ್ಧ ಪಾದ ಅಂಚಿಗಿಟ್ಟಳು, ಭಾರ ಬಿಟ್ಟಳು. ಒಂದು ಮೆಟ್ಟಿಲು ಇಳಿದಳು. ಇಬ್ಬರೂ ಒಂದೇ ಮೆಟ್ಟಿಲಲ್ಲಿ, ಒಂದೇ ಕಂಬಿ ಹಿಡಿದು, ಯಾಕೆ ನಗುತ್ತಿದ್ದೇವೆಂದು ತಿಳಿಯದೆ ನಗುತ್ತ ನಿಂತರು. ಅವರ ತೋಳು ಅವಳ ತೋಳಿಗೆ ತಾಗಿತ್ತು. ಅವಳೂ ಸರಿಯಲಿಲ್ಲ, ಅವರೂ ಸರಿಯಲಿಲ್ಲ.

ಸೋಮವಾರ ಬಂದರೆ ಮೇಷ್ಟ್ರಿಲ್ಲ. ಅವರ ಜಾಗದಲ್ಲಿ ನರೆಗೂದಲಿನ ಹಿರಿಯ ಟ್ರೈನರ್ ಮೇಡಂ.

"ನಿಮ್ಮ ಫೈಲು ಇನ್ನು ಮೇಲೆ ನನ್ನ ಹತ್ರ. ಅವರೇ ಬರೆದು ಕೊಟ್ಟು ಬದಲಾಯಿಸ್ಕೊಂಡ್ರು."

"ಯಾಕಂತೆ?"

"ಕಾರಣ ಬರೆದಿದಾರೆ. ಅದು ನನ್ನ ಹತ್ರಾನೇ ಇರಬೇಕು. ನಡೀರಿ, ಮೆಟ್ಟಿಲ ಹತ್ರ."

ಅವಳ ಎದೆ ಭಾರವಾಯಿತು. ಎಲ್ಲರೆದುರಿಗೆ ಗದರಿದ್ದು ತಪ್ಪಾಯಿತೇ? ತೋಳು ಸರಿಸದೆ ನಿಂತದ್ದು ತಪ್ಪಾಯಿತೇ? ಕಾರಿಡಾರಿನಲ್ಲಿ ಎರಡು ಸಲ ಅವರು ದೂರದಿಂದ ಕಂಡರು. ಎರಡು ಸಲವೂ ತಲೆಯಾಡಿಸಿ ಬೇರೆ ಬಾಗಿಲಿಗೆ ತಿರುಗಿಕೊಂಡರು. ಆ ಸಿಟ್ಟಿನಲ್ಲೇ ದಿನಕ್ಕೆ ಐವತ್ತು ಸಲ ಮೆಟ್ಟಿಲು ಇಳಿದಳು. ಇಳಿಯುವುದು ಕೈಗೂಡಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಕಮಿಟಿಯ ದಿನ ಮೂವರು ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಮೇಲಿನಿಂದ ಹೊರಟಳು. ಒಂಬತ್ತನೇ ಮೆಟ್ಟಿಲಲ್ಲಿ ಹಿಮ್ಮಡಿ ಕೊಂಚ ಜಾರಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಮಂಡಿ ಗಕ್ಕನೆ ಬಿಗಿದು ಅವಳನ್ನು ಹಿಡಿದು ನಿಲ್ಲಿಸಿತು. ಅವಳು ಉಸಿರೆಳೆದುಕೊಂಡು, ಕೈ ಕಂಬಿಗೆ ತಾಗಿಸದೆ, ಉಳಿದ ಮೂರನ್ನೂ ಇಳಿದಳು.

"ಆ ಜಾರಿದ್ದೇ ಸಾಕಿತ್ತು ನಮಗೆ," ಎಂದರು ಕಮಿಟಿಯ ಹಿರಿಯರು, ಸಹಿ ಹಾಕುತ್ತ. "ಜಾರಿದ ಮೇಲೂ ಅದರ ಮೇಲೇ ನಿಂತ್ರಲ್ಲ. ಮಂಡಿ ನಿಮ್ಮದೇ, ತಾಯಿ."

ಅಕ್ಕ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಅವಳಿಗೆ ಅಷ್ಟೂ ತಿಂಗಳ ಉಸಿರು ಒಟ್ಟಿಗೇ ಹೊರಬಂದ ಹಾಗಾಯಿತು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

"ಹಿಂದಿನ ಅಂಗಳದಲ್ಲಿದಾರೆ," ಎಂದರು ಹಿರಿಯ ಮೇಡಂ, ಯಾರೂ ಕೇಳದಿದ್ದರೂ.

ಮೇಷ್ಟ್ರು ಗೋಡೆಗೊರಗಿ ನಿಂತಿದ್ದರು. ಅವಳು ನಡೆದು ಬರುವುದನ್ನು ನೋಡಿ ನೆಟ್ಟಗಾದರು. "ಏನಾಯ್ತು?"

"ಪಾಸು." ಅವರು ಕಣ್ಣು ಮುಚ್ಚಿ 'ಸದ್ಯ' ಎಂದದ್ದು ಅವಳಿಗೆ ಕೇಳಿಸಿತು. "ಅಷ್ಟು ಕಾಳಜಿ ಇದ್ದೋರು ನನ್ನ ಫೈಲು ಯಾಕೆ ದಾಟಿಸಿದ್ರಿ? ನಾನು ಬೈದಿದ್ದಕ್ಕಾ?"

"ಪಾಠ ಹೇಳೋನು ಹಾಗೆ ನೋಡಬಾರದು, ಅದಕ್ಕೆ." ಅವರ ಸಣ್ಣ ದನಿ ಇನ್ನೂ ಸಣ್ಣದಾಯಿತು. "ಆವತ್ತು ಮೆಟ್ಟಿಲ ಮೇಲೆ, ನಾನು ನಿಮ್ಮ ಕಾಲು ನೋಡ್ತಾನೇ ಇರಲಿಲ್ಲ. ನಿಮ್ಮ ನಗು ನೋಡ್ತಿದ್ದೆ. ನಿಮಗೇನಾದ್ರೂ ಆಗಿದ್ರೆ? ಅದಕ್ಕೆ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಇವತ್ತಿನವರೆಗೂ ನಿಮಗೆ ಹೇಳಬಾರದಿತ್ತು. ನನ್ನನ್ನ ಬೇಡ ಅಂದ್ರೆ ಮಂಡಿ ಹೋಗುತ್ತೇನೋ ಅಂತ ನೀವು ಹೆದರಬಾರದಲ್ಲ."

ಅವಳು ತನ್ನ ಎಡಗಾಲಿನ ಕಡೆಗೊಮ್ಮೆ ನೋಡಿಕೊಂಡಳು. ಆಮೇಲೆ ತೀರ ಮೆಲ್ಲಗೆ ಕೇಳಿದಳು: "ಕನಿಕರ ಅಲ್ಲ ತಾನೇ?"

"ಕನಿಕರಾನಾ? ನಿಮ್ಮ ಮೇಲಾ?" ಅವರು ನಿಜಕ್ಕೂ ಬೆಚ್ಚಿದರು. "ನಿಮ್ಮ ಗಂಟಲು ಕೇಳಿದ ಮೇಲೆ ನನಗೆ ಕನಿಕರ ಬರೋದು ನಿಮ್ಮ ಹತ್ರ ಕಲಿಯೋಕೆ ಬರೋ ಡ್ರೈವರುಗಳ ಮೇಲೆ."

ಅವಳು ಅಂಗಳವೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ನಗುತ್ತಲೇ ಅವರ ಕೈ ಹಿಡಿದಳು. ಅಂಗೈ ಒದ್ದೆಯಾಗಿತ್ತು.

"ಇಷ್ಟು ಹೆದರಿದ್ರಾ?"

"ಇನ್ನೂ ಹೆದರಿದೀನಿ. ನೀವಿನ್ನೂ ಏನೂ ಹೇಳಿಲ್ಲ."

"ಬಂದೆನಲ್ಲ ರೀ, ಇಷ್ಟು ದೂರ, ನನ್ನ ಕಾಲಲ್ಲಿ," ಎಂದಳು ಅವಳು. "ಇನ್ನೇನು ಹೇಳಲಿ?"