ಬ್ರೇಕ್ ಒತ್ತದ ಚಾಂಪಿಯನ್

ನೂರಾ ಅರವತ್ತು ಸ್ಪೀಡು. ಮುಂದೆ ಕಡಿದಾದ ತಿರುವು. ತಿರುವಿನಾಚೆ ಗೋಡೆ!

ನಾನು ಪಕ್ಕದ ಸೀಟಿನಲ್ಲಿ. ಸ್ಟೀರಿಂಗ್ ಹಿಡಿದವನು ರಘುನಂದನ... ಒಂದು ಕಾಲದ ನಂಬರ್ ವನ್ ರೇಸ್ ಡ್ರೈವರ್, ಈಗ ರೇಸಿಂಗ್ ಟೀಮಿನ ಮಾಲೀಕ. ಬ್ರೇಕ್ ಒತ್ತಬೇಕಾದ ಜಾಗ ಬಂತು. ಹಿಂದೆಯೂ ಹೋಯಿತು.

ನನ್ನ ಕಣ್ಣು ಗೋಡೆಯ ಮೇಲಿರಲಿಲ್ಲ. ಅವನ ಕಾಲಿನ ಮೇಲಿತ್ತು.

ಒತ್ತಲಿಲ್ಲ!

ತಾಳಿ, ಆ ಗೋಡೆಯ ಕತೆ ಮೊದಲು ಹೇಳಿಬಿಡುತ್ತೇನೆ.

ಹೋದ ವಾರ ಅದಕ್ಕೆ ಬಡಿದವಳು ಯಶಿಕಾ. ಕಾಮಠಿಯ ಏರ್‌ಫೋರ್ಸ್ ಮನೆಯ ಹುಡುಗಿ, ಇವನ ಟೀಮಿನ ಡ್ರೈವರ್. ಎರಡೂ ಕಾಲು ಮುರಿದವು. ಹಿಂಗಣಾದ ಆಚೆಗಿರುವ ಈ ಟ್ರ್ಯಾಕಿನಲ್ಲಿ ಹನ್ನೆರಡು ವರ್ಷದಿಂದ ರಘುನಂದನನದೇ ರೆಕಾರ್ಡು. ಹಿಂದಿನ ದಿನವಷ್ಟೇ ಯಶಿಕಾ ಅದನ್ನು ಮುರಿದಿದ್ದಳು.

ಈ ದೊಡ್ಡ ಮನುಷ್ಯ ಟೀವಿಯವರ ಮುಂದೆ ಏನಂದ ಗೊತ್ತೇ? ಹುಡುಗಿ ಗಾಬರಿಯಾದಳು, ಬ್ರೇಕನ್ನೇ ಒತ್ತಲಿಲ್ಲ ಅಂದ! ಲೈಸೆನ್ಸ್ ಕಮಿಟಿ ಅದನ್ನು ನಂಬಿದರೆ ಅವಳು ಜನ್ಮದಲ್ಲಿ ರೇಸ್ ಓಡಿಸುವಂತಿಲ್ಲ. ಮುರಿದ ಕಾಲು ಕೂಡುತ್ತದೆ... ಕೆಟ್ಟ ಹೆಸರು?

ಅವಳ ತಾಯಿ ಬೃಂದಾ ನನ್ನನ್ನು ಹುಡುಕಿಕೊಂಡು ಬಂದರು. ನಾನು ಅಪ್ಪಣ್ಣ. ಏರ್‌ಫೋರ್ಸ್ ಪೊಲೀಸಿನಿಂದ ರಿಟೈರಾದವನು. ಈಗ ಇಂಥ ಗಂಟು ಬಿಚ್ಚುವುದೇ ಉದ್ಯೋಗ.

ಆಸ್ಪತ್ರೆಯಲ್ಲಿ ಯಶಿಕಾ ಹಲ್ಲು ಕಚ್ಚಿಕೊಂಡು ಹೇಳಿದಳು: "ಕಾಕಾ, ಮೂರು ಸುತ್ತು ಬ್ರೇಕ್ ಬರೋಬರ್ ಇತ್ತು. ನಾಲ್ಕನೇದಕ್ಕ ಒತ್ತಿದೆ, ಪೆಡಲ್ ಸೀದಾ ನೆಲಕ್ಕ ಹೋತು."

ನನ್ನ ಪಿತ್ತ ನೆತ್ತಿಗೇರಿತು. ಬ್ರೇಕ್ ಎಣ್ಣೆಗೆ ನೀರು ಬೆರೆಸಿದರೆ ಹೀಗೇ ಆಗುವುದು. ತಣ್ಣಗಿದ್ದಾಗ ಗೊತ್ತಾಗುವುದಿಲ್ಲ. ಕಾದ ಮೇಲೆ ನೀರು ಕುದ್ದು ಬ್ರೇಕ್ ಕೈಕೊಡುತ್ತದೆ. ಆದರೆ ತೋರಿಸಲು ಕಾರೆಲ್ಲಿದೆ? ಮರುದಿನವೇ ಗುಜರಿಗೆ ಹೋಗಿ ಚೂರುಚೂರಾಗಿತ್ತು.

ಗುಜರಿ ಅಂಗಡಿಯಿಂದ ಹೊರಟೆ. ಎರಡು ಬೈಕು ಬೆನ್ನು ಹತ್ತಿದವು! ಪ್ರತಾಪ ನಗರದ ಹತ್ತಿರ ಒಬ್ಬ ಪಕ್ಕಕ್ಕೆ ಬಂದು ರಾಡ್ ತೋರಿಸಿ, ಮನೆಯಲ್ಲೇ ಬಿದ್ದಿರು ಅಂತ ಗದರಿದ.

"ಘರ್ ಬೈಠೋ, ಕಾಕಾ."

ಸ್ಕೂಟರನ್ನು ಅವನ ಮೇಲೆಯೇ ತಿರುಗಿಸಿದೆ. ಅವನು ಚರಂಡಿಗೆ, ಜೊತೆಗಾರ ಪರಾರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ನನ್ನ ಹಿಂದೆ ಆಳು ಬಿಟ್ಟ ರಘುನಂದನನ ಬುದ್ಧಿ.

ಇವತ್ತು ಬೆಳಗ್ಗೆ ಕಮಿಟಿಯ ಜಲಜಾ ಮೇಡಂ ಟ್ರ್ಯಾಕಿಗೆ ಬಂದಿದ್ದರು. ಅವರೆದುರೇ ಕೆಣಕಿದೆ. ಹುಡುಗಿಗೆ ಆಗದ ತಿರುವು ನಿಮಗಾದರೂ ಆಗುತ್ತದೆಯೇ, ತೋರಿಸಿ ಅಂದೆ. ಜಂಭದ ಕೋಳಿ! ಟೀಮಿನ ಎರಡನೇ ಕಾರು ಹತ್ತಿದ. ನಾನೂ ಹತ್ತಿದೆ. ಹೆಲ್ಮೆಟ್ಟಿನಲ್ಲಿ ಮೈಕು. ಆಡಿದ್ದೆಲ್ಲ ಜಲಜಾ ಮೇಡಂ ಕಿವಿಗೆ ಹೋಗುತ್ತಿತ್ತು.

ಮೂರು ಸುತ್ತು ಬ್ರೇಕ್ ಒತ್ತಿ ಸಲೀಸಾಗಿ ತಿರುಗಿಸಿದ. ನಾಲ್ಕನೆಯದರಲ್ಲಿ, ತಿರುವು ಕಾಣುತ್ತಿದ್ದಂತೆ ಹೇಳಿದೆ:

"ಈ ಗಾಡ್ಯಾಗ ಇರೋ ಬ್ರೇಕ್ ಎಣ್ಣಿ ಯಶಿಕಾನ ಗಾಡೀದ್ರಿ. ಗುಜರಿಯಾಂವ ತೆಗೆದಿಟ್ಟಿದ್ದ. ನಾನ ಹಾಕಿಸೀನಿ."

 ಅವನ ಕಾಲು ಪೆಡಲಿನ ತನಕ ಹೋಯಿತು... ಒತ್ತಲಿಲ್ಲ. ಗೇರ್ ಇಳಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಕಾರು ಗಿರಗಿರನೆ ಸುತ್ತಿ ಮಣ್ಣಿಗೆ ಹಾರಿ, ಗೋಡೆಗೆ ಗೇಣು ದೂರದಲ್ಲಿ ನಿಂತಿತು.

"ಅದ್ರಲ್ಲಿ ನೀರಿದೆ ಕಣಯ್ಯಾ," ಅಂದ ರಘುನಂದನ, ಏದುಸಿರು ಬಿಡುತ್ತಾ. "ಇಬ್ರೂ ಸಾಯ್ತಿದ್ವಿ."

ಹೆಲ್ಮೆಟ್ಟಿನ ಸ್ಪೀಕರಿನಲ್ಲಿ ಜಲಜಾ ಮೇಡಂ ದನಿ ತಣ್ಣಗಿತ್ತು. "ನೀರಿದೆ ಅಂತ ನಿಮಗೆ ಹೇಗೆ ಗೊತ್ತು?"

ರಘುನಂದನ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸತೊಡಗಿದ.

"ಸರಿ. ಯಶಿಕಾ ಲೈಸೆನ್ಸ್ ಅವಳ ಹತ್ರಾನೇ ಇರುತ್ತೆ. ನೀವು ಅಲ್ಲೇ ಇರಿ, ಪೊಲೀಸರು ಬರ್ತಾರೆ."

ಅವನು ಹೆಲ್ಮೆಟ್ ಕಿತ್ತು, ಸ್ವಲ್ಪ ಹೆದರಲಿ ಅಂತ ಹಾಕಿದ್ದು, ಅಷ್ಟೇ ಅಂತ ಗೊಣಗಿದ. ಅಷ್ಟೇ ಅಂತೆ! ಅವಳಿಗೆ ರೇಸ್ ಕಲಿಸಿದ ಕೈಯೇ ನೀರು ಸುರಿದಿತ್ತು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಬೆಲ್ಟ್ ಬಿಚ್ಚಿದೆ, ಬಾರಿಸಲಿಲ್ಲ. ಬೇರೆ ಮಾತೊಂದು ಬಾಕಿಯಿತ್ತು.

"ಎಣ್ಣಿ ಹೊಸಾದು, ಸಾಹೇಬ್ರ. ಬ್ರೇಕ್ ಒತ್ತಿದ್ರ ನಿಮ್ಮ ಮಾನಾನೂ ಉಳೀತಿತ್ತು, ನನ್ನ ಸೊಂಟಾನೂ ಉಳೀತಿತ್ತು."