ಅಲಮಾರಿಯಲ್ಲಿ ಉಳಿದ ದುರ್ಬೀನು

2025ರ ಜನವರಿ 20, ಸೋಮವಾರ. ಬೆಳಿಗ್ಗೆ ಚಿತ್ತಾಪುರ ಠಾಣೆಯ ಅಂಗಳದಲ್ಲಿ ಹಾಜರಿ ಮುಗಿದಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಮೋಟರ್ ಬಿಡಿಭಾಗಗಳ ಅಂಗಡಿ ನಡೆಸುವ ಶಹಬಾಜ ತನ್ನ ಬಂದೂಕು ಪರವಾನಗಿ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಒಳಗೆ ಬಂದ. ಮುಖ ತೊಳೆದಂತಿರಲಿಲ್ಲ.

“ಸಾಹೇಬ್ರ, ನನ್ನ ರೈಫಲ್ ಹೋಗ್ಯಾದ್ರಿ.”

ಇನ್‌ಸ್ಪೆಕ್ಟರ್ ರೇವಣಸಿದ್ದಯ್ಯ ಕುರ್ಚಿ ತೋರಿಸಿದರು. “ಕುಂದ್ರಿ. ಯಾವ ರೈಫಲ್?”

“ಪಾಯಿಂಟ್ ಟೂ ಟೂ. ಗುರಿ ಹೊಡಿಯೋ ಆಟದ್ದು.”

“ಯಾವಾಗ ಗೊತ್ತಾತು?”

“ನಿನ್ನೆ ರಾತ್ರಿ. ವಾಡಿಯಾಗ ಮದುವಿ ವಲೀಮಾ ಊಟ ಇತ್ತು, ನಾನು, ಫರಹತ ಹೋಗಿದ್ವಿ. ಬಂದು ಅಲಮಾರಿ ತೆಗೆದ್ರ ಇಲ್ಲ.”

“ರಾತ್ರಿನೇ ಯಾಕ ಬರ್ಲಿಲ್ಲ?”

“ಎಲ್ಲಾ ಕಡೆ ಹುಡುಕಿದೆ ಸಾಹೇಬ್ರ. ಲೈಸೆನ್ಸ್ ಹೋಗ್ತದಂತ ಅಂಜಿದೆ.”

ಗಣರಾಜ್ಯೋತ್ಸವ ಆ ವಾರದಲ್ಲೇ ಇತ್ತು. ಕಾಣೆಯಾದ ಬಂದೂಕೊಂದು ಊರಿನಲ್ಲಿ ಎಲ್ಲೋ ಇದೆ ಎಂಬ ಮಾತು ಮೇಲಿನ ಕಚೇರಿಗೆ ಹೋದರೆ ಏನಾಗುತ್ತದೆ ಎಂದು ರೇವಣಸಿದ್ದಯ್ಯನವರಿಗೆ ಗೊತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯ ಮನೆಗಳ್ಳತನದ ಕಲಮು ಮತ್ತು ಆಯುಧ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಲಾಲ್ ಅಹ್ಮದ್ ಹಾಗೂ ಮಹಿಳಾ ಕಾನ್‌ಸ್ಟೆಬಲ್ ಭಾಗಮ್ಮನನ್ನು ಕರೆದುಕೊಂಡು ಸ್ಥಳಕ್ಕೆ ಹೊರಟರು.

ಮನೆ ಚಿಕ್ಕದು. ಮುಂದಿನ ಕೋಣೆಯಲ್ಲಿ ಫರಹತಳ ಹೊಲಿಗೆ ಯಂತ್ರ, ನಡುಮನೆಯಲ್ಲಿ ಉಕ್ಕಿನ ಅಲಮಾರಿ. ಬೀಗ ಮುರಿದಿರಲಿಲ್ಲ. ಕೀಲಿಕೈ ಎಲ್ಲಿರುತ್ತಿತ್ತು ಎಂದು ಕೇಳಿದಾಗ ಶಹಬಾಜ ತಲೆ ತಗ್ಗಿಸಿ ಅಲಮಾರಿಯ ಪಕ್ಕದ ಮೊಳೆ ತೋರಿಸಿದ.

ಇಬ್ಬರು ಪಂಚರ ಎದುರಿನಲ್ಲಿ ಪಂಚನಾಮೆ ಶುರುವಾಯಿತು. ಅಲಮಾರಿ ತೆರೆದ ಲಾಲ್ ಅಹ್ಮದ್ ಇನ್‌ಸ್ಪೆಕ್ಟರನ್ನು ಹತ್ತಿರ ಕರೆದ.

“ಸಾಹೇಬ್ರ, ಇದು ನೋಡ್ರಿ.”

ಕಳ್ಳತನವಾದ ಅಲಮಾರಿಯಂತೆ ಅದು ಕಾಣುತ್ತಿರಲಿಲ್ಲ. ಕೆಳಗಿನ ಅರೆಯಲ್ಲಿ ಟವೆಲ್ ಹಾಸಿ, ಅದರ ಮೇಲೆ ನಳಿಗೆ ಕೂರಿಸುವ ಕಪ್ಪು ಅಲ್ಯುಮಿನಿಯಂ ಚೌಕಟ್ಟು ಇಡಲಾಗಿತ್ತು. ಪಕ್ಕದಲ್ಲಿ ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ಅದರ ಗಾಜಿಗೆ ಮುಚ್ಚಳ ಹಾಕಿಯೇ ಇತ್ತು. ನಳಿಗೆಗೆ ಆಸರೆಯಾಗುವ ಎರಡು ಕಾಲಿನ ಬೈಪಾಡ್, ಸುತ್ತಿಟ್ಟ ಹೆಗಲಪಟ್ಟಿ, ಸ್ಕ್ರೂಗಳು ಒಂದು ಬಟ್ಟಲಲ್ಲಿ. ಅವನ್ನು ಬಿಚ್ಚಿದ ಆರು ಮೂಲೆಯ ಕೀಲಿ ಬಂದೂಕಿನ ಚೀಲದಲ್ಲೇ ವಾಪಸ್ ಸೇರಿತ್ತು. ಗುಂಡುಗಳ ತಗಡಿನ ಪೆಟ್ಟಿಗೆ ಬೇರೆ ಬೀಗದಲ್ಲಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

“ಇವು ಎಲ್ಲಾ ನೀವು ಕೂಡಿಸಿದ್ದೇನು?” ಎಂದು ಇನ್‌ಸ್ಪೆಕ್ಟರ್ ಶಹಬಾಜನನ್ನು ಕೇಳಿದರು.

“ಒಂದೊಂದಾಗಿ, ಸಾಹೇಬ್ರ.” ಶಹಬಾಜನ ದನಿ ಮೊದಲ ಬಾರಿ ಸ್ವಲ್ಪ ಬೆಚ್ಚಗಾಯಿತು. “ನಾನು ತಗೊಂಡಾಗ ಹಳೇ ಬಂದೂಕಿದ್ದಂಗಿತ್ತು. ಶಹಾಬಾದದ ಖಂಡಪ್ಪನ ಲೇಥಿನ್ಯಾಗ ಈ ಚೌಕಟ್ಟು ಮಾಡಿಸ್ದೆ. ಹಿಡಿ ಪಿಸ್ತೂಲಿನಂಗ, ಹಿಂದಿನ ಭಾಗ ಉದ್ದ-ಗಿಡ್ಡ ಆಗ್ತದ. ಮಿಲಿಟರಿ ರೈಫಲ್ ನೋಡಿದಂಗ ಕಾಣ್ತಿತ್ತು. ಆದ್ರ ಒಳಗ ಸಣ್ಣ ಗುಂಡು, ಡಬ್ಬಿ ಹೊಡಿಲಿಕ್ಕಷ್ಟೇ. ಐತವಾರ ಬಂತಂದ್ರ ನಾನು, ಅವ ಹಳೇ ಕಲ್ಲಿನ ಖಣಿಗೆ ಹೋಗ್ತಿದ್ವಿ. ಒಂದು ಗುಂಡು ಹೊಡಿಲಿಕ್ಕ ಅರ್ಧ ತಾಸು ದುರ್ಬೀನು ಸರಿ ಮಾಡ್ಕೊಂತ ಕುಂದ್ರುತಿದ್ದೆ. ಅಂಗಡಿ ಚಿಂತಿ ಎಲ್ಲಾ ಅಲ್ಲೇ ಮರೀತಿತ್ತು.”

“ಶಬ್ದ ಅಡಗಿಸೋದು ಏನರ ಹಚ್ಚಿದ್ರೇನು?”

“ಇಲ್ರಿ, ಅಲ್ಲಾನ ಆಣಿ. ಅದು ಗುನ್ಹೆ ಅಂತ ಗೊತ್ತದ.”

ರೇವಣಸಿದ್ದಯ್ಯನವರು ದುರ್ಬೀನನ್ನು ಮುಟ್ಟದೆ ಬಗ್ಗಿ ನೋಡಿದರು. ಮಾರುವ ಕಳ್ಳ ಮೊದಲು ಎತ್ತುವ ವಸ್ತು ಅದು. ಗುಂಡು ಹಾರಿಸುವ ಉದ್ದೇಶವಿದ್ದವನು ಗುಂಡಿನ ಪೆಟ್ಟಿಗೆಯನ್ನು ಬಿಡುತ್ತಿರಲಿಲ್ಲ. ಬಂದವರು ಬರೀ ನಳಿಗೆ ಮತ್ತು ಅದರ ಯಂತ್ರಭಾಗವನ್ನು ಬಿಡಿಸಿಕೊಂಡು, ಉಳಿದದ್ದನ್ನು ಮಾಲೀಕನಿಗೆ ಜೋಡಿಸಿಟ್ಟು ಹೋಗಿದ್ದರು.

“ಮತ್ತೇನರ ಹೋಗ್ಯಾದೇನು ಮನ್ಯಾಗಿಂದು?”

ಇಲ್ಲ ಎಂದ ಶಹಬಾಜ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಫರಹತ ಮಾತ್ರ ಅಟ್ಟದ ಕಡೆ ನೋಡಿ ಹೇಳಿದಳು. “ಆ ಹಳೇ ಕಟ್ಟಿಗಿ ಕಾಣ್ಸವಲ್ದು.”

“ಯಾವ ಕಟ್ಟಿಗಿ?”

“ಬಂದೂಕಿಂದು ಮೊದಲಿನ ಹಿಡಿಕಿ,” ಎಂದ ಶಹಬಾಜ. “ಭುಜಕ್ಕ ಒತ್ತೋದು. ನನಗ ಕೂಡ್ತಿದ್ದಿಲ್ಲ, ಅಟ್ಟದ ಮ್ಯಾಲ ಒಗೆದಿದ್ದೆ.”

“ಯಾಕ ಕೂಡ್ತಿದ್ದಿಲ್ಲ?”

“ಗಿಡ್ಡ ಇತ್ರಿ. ಮತ್ತ ಗಲ್ಲ ಇಡೋ ಉಬ್ಬು ಉಲ್ಟಾ ಕಡೆ ಕೆತ್ತಿತ್ತು. ಎಡಗೈಯವರ ಸಲುವಾಗಿ ಮಾಡಿದ್ದು.”

ಪಂಚನಾಮೆಯಲ್ಲಿ ಆ ಕಟ್ಟಿಗೆಯ ಹಿಡಿಕೆಯನ್ನೂ ಸೇರಿಸಲು ಇನ್‌ಸ್ಪೆಕ್ಟರ್ ಹೇಳಿದರು.

ಮನೆಯಲ್ಲಿ ಭಾನುವಾರ ಉಳಿದಿದ್ದವರು ಶಹಬಾಜನ ತಾಯಿ ಹಸೀನಾಬೇಗಂ ಒಬ್ಬರೇ. ಮಗ ರಾತ್ರಿಯಿಂದ ಊಟ ಮಾಡಿಲ್ಲವೆಂದು ಅತ್ತು ಅವರ ಕಣ್ಣುಗಳು ಕೆಂಪಾಗಿದ್ದವು. ಲಾಲ್ ಅಹ್ಮದ್ ಅವರ ಮಂಚದ ಹತ್ತಿರ ನೆಲದ ಮೇಲೆ ಕೂತು ಕೇಳಿದ.

“ಅಮ್ಮಾ, ನಿನ್ನೆ ಯಾರರ ಬಂದಿದ್ರೇನು?”

“ಒಬ್ಬಾಕಿ ಬಂದಿದ್ಳು ಬೇಟಾ. ಕಂಕುಳಾಗ ಕೌದಿ ಇತ್ತು. ಹೊಲಿಸ್ಲಿಕ್ಕ ಬಂದಾಳಂತ ತಿಳ್ಕೊಂಡೆ. ಫರಹತ ಇಲ್ಲ, ಕುಂದ್ರು ಅಂದೆ. ನಾನು ಸಂಜಿ ಮುಂದಿನ ಅಸರ್ ನಮಾಜಿಗೆ ಒಳಗ ಹೋದೆ.”

“ನಮಾಜು ಮುಗಿಸಿ ಬಂದಾಗ?”

“ಅಲ್ಲೇ ಮೂಲ್ಯಾಗ ಒರಗಿದ್ದೆ, ಕಣ್ಣು ಹತ್ತಿತು. ಎದ್ದಾಗ ಬಾಗಿಲದಾಗ ನಿಂತಿದ್ಳು. ಹೋಗಿ ಬರ್ತೀನವ್ವಾ ಅಂದ್ಳು. ಕಣ್ಣಾಗ ನೀರಿದ್ದಂಗ ಕಾಣ್ತು. ಯಾಕ ಅಂತ ಕೇಳೋದ್ರಾಗ ಹೋಗಿಬಿಟ್ಳು.”

“ಹುಡುಗಿ ಏನು?”

“ನಲವತ್ತರ ಮ್ಯಾಲಿನಾಕಿ. ಚೊಲೋ ಮನಿ ಹೆಣ್ಮಗಳು.”

ಮಧ್ಯಾಹ್ನ ಶಹಾಬಾದಿನ ಖಂಡಪ್ಪನ ಲೇಥ್ ಅಂಗಡಿಗೆ ಹೋದರು. ರೈಫಲ್ಲಿನ ಸ್ಕ್ರೂ ಎಲ್ಲಿವೆ ಎಂದು ಚೆನ್ನಾಗಿ ಬಲ್ಲವನು ಅವನು, ಮೇಲಾಗಿ ಖಣಿಯಲ್ಲಿ ಶಹಬಾಜನ ಜೊತೆಗಾರ. ಆದರೆ ಭಾನುವಾರ ಇಡೀ ದಿನ ಅವನು ವಾಡಿಯ ಅದೇ ಮದುವೆ ಊಟದಲ್ಲಿದ್ದ. ಅವನ ಫೋಟೊ ಹತ್ತಾರು ಜನರ ಫೋನಿನಲ್ಲಿತ್ತು.

“ಖಣಿಗೆ ನಿಮ್ಮಿಬ್ಬರ ಹೊರತು ಯಾರರ ಬರ್ತಿದ್ರೇನು?”

ಖಂಡಪ್ಪ ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ. “ಹೋದ ತಿಂಗಳು ಒಬ್ರು ಅಕ್ಕೋರು ಬಂದಿದ್ರು. ಆ ಬಂದೂಕು ನಮ್ಮಪ್ಪಂದು, ಒಂದು ಸಲ ಹೊಡಿಲಿಕ್ಕ ಕೊಡ್ರಿ ಅಂದ್ರು. ಶಹಬಾಜ ಒಲ್ಲೆ ಅಂದ. ನಿಮ್ಮ ಹೆಸರಿಗಿ ಲೈಸೆನ್ಸ್ ಇಲ್ಲ, ಅಂದ. ಅದು ಖರೇನೇ ಐತಿ.”

“ಅಷ್ಟೇನಾ?”

“ಹಳೇ ಕಟ್ಟಿಗಿ ಏನಾತು ಅಂತ ಕೇಳಿದ್ರು. ಅಟ್ಟದ ಮ್ಯಾಲ ಬಿದ್ದದ, ಒಲಿಗರ ಆಗ್ತದ ಅಂದುಬಿಟ್ಟ. ನಗಸ್ಲಿಕ್ಕ ಅಂದಿರಬೇಕು. ಅಕ್ಕೋರು ನಗಲಿಲ್ಲ.”

ಠಾಣೆಗೆ ಮರಳಿ ಶಹಬಾಜನನ್ನು ಕೇಳಿದಾಗ ಅವನು ಒಪ್ಪಿಕೊಂಡ. ಒಂದು ಮಾತಿಗೆ ಯಾರಾದರೂ ಮನೆತನಕ ಬರುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ. ರೈಫಲ್ಲನ್ನು ಅವನು ಜಿಲ್ಲಾಡಳಿತದ ಅನುಮತಿ ಪಡೆದು ಕೊಂಡದ್ದು ಮಳಖೇಡದ ರಮೇಶಕುಮಾರನಿಂದ. ತಂದೆ ಹಣಮಂತರಾಯರು ತೀರಿಕೊಂಡ ಮೇಲೆ ಮಗ ಅದನ್ನು ಮಾರಿದ್ದ.

ಮಂಗಳವಾರ ಬೆಳಿಗ್ಗೆ ಜೀಪು ಮಳಖೇಡಕ್ಕೆ ಹೋಯಿತು. ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ ರಮೇಶಕುಮಾರ ಬೂಟು ಬಿಚ್ಚುತ್ತಿದ್ದ.

“ಬಂದೂಕು ಮಾರುವಾಗ ಮನ್ಯಾಗ ಯಾರರ ಬ್ಯಾಡ ಅಂದಿದ್ರೇನು?”

“ಇಲ್ರಿ. ಅಕ್ಕಗ ಕೇಳೇ ಮಾರಿದೆ. ಮಾರು ಅಂದ್ಳು. ಆಕಿ ಗಂಡನ ಮನ್ಯಾಗ ಬಂದೂಕು ಇಟ್ಕೊಳ್ಳೋದು ಹ್ಯಾಂಗ್ರಿ?”

“ಅಕ್ಕ ಎಲ್ಲಿರ್ತಾರ?”

“ಚಂದಾಪುರದಾಗ. ಜಯಮಾಲಾ ಅಂತ. ಸರ್ಕಾರಿ ಕಚೇರಿ ಹತ್ರ ಜೆರಾಕ್ಸ್ ಅಂಗಡಿ ಇಟ್ಟಾಳ.”

ಹೊರಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ತಾಯಿ ಮಾಳಮ್ಮ ಕೈ ನಿಲ್ಲಿಸಿದರು. ರೇವಣಸಿದ್ದಯ್ಯನವರು ಅವರ ಎದುರು ಕೂತರು.

“ನಿಮ್ಮ ಯಜಮಾನ್ರು ಎಡಗೈಯವ್ರಾ ತಾಯಿ?”

“ಅವರಲ್ಲಪ್ಪಾ. ಜಯಮಾಲಾ ಎಡಚಿ ಇದ್ಳು, ಸಣ್ಣಾಕಿದ್ದಾಗ.” ಮಾಳಮ್ಮ ಮೊರವನ್ನು ಪಕ್ಕಕ್ಕಿಟ್ಟರು. “ಎಡಗೈಲಿ ಉಣ್ಣೋ ಹೆಣ್ಣನ್ನ ಯಾರು ಸೊಸಿ ಮಾಡ್ಕೋತಾರ? ಸೌಟಿಲೆ ಹೊಡದು ಹೊಡದು ನಾನೇ ಬಿಡಿಸ್ದೆ. ಸಾಲ್ಯಾಗ ಮಾಸ್ತರರೂ ಕೈಗೆ ದಾರ ಕಟ್ಟಿ ಕುಂದ್ರಿಸ್ತಿದ್ರು. ಅವರಪ್ಪ ಒಬ್ರೇ ಏನೂ ಅಂತಿದ್ದಿಲ್ಲ. ಕಾಗಿಣಾ ಹೊಳಿ ದಂಡಿಗೆ ಕರ್ಕೊಂಡು ಹೋಗಿ ಬಂದೂಕು ಕಲಸ್ತಿದ್ರು. ಆಕಿ ಸಲುವಾಗಿ ಸಾಗವಾನಿ ಕಟ್ಟಿಗಿ ತಾವೇ ಕೂತು ಕೆತ್ತಿದ್ರು. ನಾನು ಎಷ್ಟು ಜಗಳಾಡಿನೋ.”

ಅವರು ಮತ್ತೆ ಮೊರ ಎತ್ತಿಕೊಳ್ಳಲಿಲ್ಲ. “ಆಕಿ ಏನರ ಮಾಡ್ಯಾಳೇನಪ್ಪಾ?”

“ನೋಡ್ಬೇಕು ತಾಯಿ,” ಎಂದರು ಇನ್‌ಸ್ಪೆಕ್ಟರ್.

ಸೇಡಂ ದಾಟಿ ಚಂದಾಪುರ ಮುಟ್ಟಿದಾಗ ಕಚೇರಿಗಳ ಊಟದ ಹೊತ್ತು. ರೇವಣಸಿದ್ದಯ್ಯ ಸಾದಾ ಬಟ್ಟೆಯಲ್ಲಿದ್ದರು. ಭಾಗಮ್ಮನೂ ಸೀರೆಯಲ್ಲಿದ್ದಳು. ಜೆರಾಕ್ಸ್ ಅಂಗಡಿಯ ಹೆಣ್ಣುಮಗಳು ಕಾಗದ ಇಸಿದುಕೊಂಡದ್ದು, ಪ್ರತಿ ಎಷ್ಟು ಎಂದು ಬರೆದುಕೊಂಡದ್ದು ಬಲಗೈಯಿಂದ. ಕೊಟ್ಟ ಪ್ರತಿಗಳನ್ನು ಭಾಗಮ್ಮ ಎತ್ತಿಕೊಳ್ಳುವಾಗ ಮೇಜಿನ ಅಂಚಿನಲ್ಲಿದ್ದ ಚಹಾದ ಗ್ಲಾಸಿಗೆ ಮೊಣಕೈ ತಾಗಿತು. ಗ್ಲಾಸು ನೆಲ ಮುಟ್ಟಲಿಲ್ಲ. ಜಯಮಾಲಾಳ ಎಡಗೈ ಅದನ್ನು ಗಾಳಿಯಲ್ಲೇ ಹಿಡಿದಿತ್ತು.

ಇನ್‌ಸ್ಪೆಕ್ಟರ್ ತಮ್ಮ ಗುರುತಿನ ಚೀಟಿ ತೋರಿಸಿದರು.

“ಹಣಮಂತರಾಯರ ಮಗಳು ನೀವೇ ಏನ್ರಿ?”

“ಹೌದ್ರಿ.”

“ಐತವಾರ ಅಂಗಡಿ ತೆಗೆದಿದ್ರೇನು?”

“ಇಲ್ರಿ.”

“ಎಲ್ಲಿಗೆ ಹೋಗಿದ್ರಿ?”

ಅವಳು ಗುಂಡಿ ಒತ್ತಿ ಯಂತ್ರ ಆರಿಸಿದಳು. “ಮನಿಗೆ ನಡೀರಿ ಸಾಹೇಬ್ರ. ಅಲ್ಲೇ ಅದ.”

ಗಂಡನಿಗೆ ಫೋನು ಹೋಯಿತು, ಇಬ್ಬರು ಪಂಚರು ಬಂದರು. ಹಾಸಿಗೆಗಳ ಅಡಕಲಿನ ಕೆಳಗೆ, ಕೌದಿಯಲ್ಲಿ ಸುತ್ತಿದ ರೈಫಲ್ ಸಿಕ್ಕಿತು. ಕಪ್ಪು ಚೌಕಟ್ಟಿನ ಗುರುತೂ ಇಲ್ಲದೆ, ಎಣ್ಣೆ ತಿಕ್ಕಿದ ಸಾಗವಾನಿ ಹಿಡಿಕೆಯಲ್ಲಿ ನಳಿಗೆ ಮೊದಲಿನಂತೆ ಕೂತಿತ್ತು. ಲಾಲ್ ಅಹ್ಮದ್ ನಳಿಗೆಯ ಮೇಲಿನ ನಂಬರನ್ನು ಪರವಾನಗಿಯೊಂದಿಗೆ ತಾಳೆ ನೋಡಿದ. ಸರಿಯಿತ್ತು. ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತು, ಇದು ತಮ್ಮ ಮನೆಯಲ್ಲಿದ್ದದ್ದೇ ಗೊತ್ತಿರಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದ.

“ಬಂದೂಕು ಒಯ್ಯಬೇಕಂತಲೇ ಹೋಗಿದ್ರೇನು?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ರಿ. ಕಟ್ಟಿಗಿ ಅಷ್ಟೇ ಕೇಳ್ಬೇಕಂತ ಹೋದೆ. ಒಲಿಗೆ ಹಾಕೋದಿದ್ರ ನನಗರ ಕೊಡ್ರಿ ಅನ್ನಬೇಕಂತಿದ್ದೆ. ಸುತ್ಕೊಂಡು ಬರ್ಲಿಕ್ಕ ಕೌದಿ ಒಯ್ದಿದ್ದೆ.”

“ಮತ್ತ?”

“ಮನ್ಯಾಗ ಮುದುಕಮ್ಮ ಒಬ್ರೇ. ಅಟ್ಟದ ಮ್ಯಾಲ ಕಟ್ಟಿಗಿ ಕಾಣ್ತು, ಇಳಿಸ್ಕೊಂಡೆ. ತಿರುಗಿದ್ರ ಮೊಳಿಗೆ ಕೀಲಿಕೈ ಇತ್ತು. ಅಲ್ಲಿಗೆ ವಾಪಸ್ ಬರಬೇಕಿತ್ತು ನಾನು. ಬರ್ಲಿಲ್ಲ.”

“ಗುಂಡು ಯಾಕ ಬಿಟ್ರಿ?”

“ಹೊಡಿಯೋದು ಇರ್ಲಿಲ್ಲರಿ.”

“ಹೊಡಿಯದ ಬಂದೂಕು ಏನ್ ಮಾಡ್ತಿದ್ರಿ?”

ಜಯಮಾಲಾ ಹಿಡಿಕೆಯ ಕಡೆ ನೋಡಿದಳು. “ಮಾರು ಅಂತ ನಾನೇ ತಮ್ಮಗ ಅಂದೀನಿ, ಅದು ಸುಳ್ಳಲ್ಲ. ಅಪ್ಪ ಹೋದ ಮ್ಯಾಲ ನನಗ ಬಂಗಾರ ಕೊಟ್ರು, ಸೀರಿ ಕೊಟ್ರು. ಅವು ಯಾರಿಗಾದ್ರೂ ಒಪ್ತಾವ. ನನ್ನ ಮೈಗೆ ಅಂತ ಅಳತಿ ತಗೊಂಡು ಮಾಡಿದ್ದು ಜಗತ್ತಿನ್ಯಾಗ ಇದೊಂದೇ ಇತ್ತು. ಅದು ಬಿಚ್ಚಿ ಒಗೆದಾರಂತ ಕೇಳಿದ ದಿನದಿಂದ ನಿದ್ದಿ ಬರ್ಲಿಲ್ಲ.”

“ಶಹಬಾಜನ ಲೈಸೆನ್ಸ್ ಹೋಗ್ಬಹುದು. ಅದು ಗೊತ್ತದೇನು?”

ಅವಳಿಗೆ ಅದು ಗೊತ್ತಿರಲಿಲ್ಲ. “ಅವರು ಬಂದೂಕನ್ನ ಚೊಲೋ ಇಟ್ಟಿದ್ರು,” ಎಂದಳು. “ನಳಿಗಿ ಒಳಗ ಒಂದು ಕಣ ಧೂಳು ಇರ್ಲಿಲ್ಲ. ಅವರ ಸಾಮಾನು ಹಾಳಾಗಬಾರದಂತ ಟವೆಲ್ ಹಾಸಿ ಇಟ್ಟು ಬಂದೆ.”

ಪರವಾನಗಿ ಇಲ್ಲದೆ ಬಂದೂಕು ಹೊಂದಿದ್ದು, ವಾಸದ ಮನೆಯಿಂದ ಕದ್ದದ್ದು, ಎರಡೂ ಸ್ಪಷ್ಟವಾಗಿದ್ದವು. ಸೂರ್ಯಾಸ್ತಕ್ಕೆ ಮೊದಲೇ ಭಾಗಮ್ಮನ ಸಮಕ್ಷಮ ಬಂಧನದ ಕಾಗದವಾಯಿತು. ರೈಫಲ್ಲಿಗೆ ಅರಗಿನ ಮೊಹರು ಬಿತ್ತು.

ರಾತ್ರಿಯೊಳಗೆ ಠಾಣೆಗೆ ಬಂದು ಮಾಲು ಗುರುತಿಸಿದ ಶಹಬಾಜ ಆ ಸಾಗವಾನಿ ಹಿಡಿಕೆಯನ್ನು ಬಹಳ ಹೊತ್ತು ನೋಡಿದ. ಎಣ್ಣೆ ಹಚ್ಚಿದ ಮೇಲೆ ಮರದ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು.

“ಸಾಹೇಬ್ರ, ಕಟ್ಟಿಗಿ ನನಗ ಬ್ಯಾಡ. ಅಕ್ಕೋರಿಗೆ ಕೊಟ್ಟುಬಿಡ್ರಿ.”

“ಈಗ ಅದು ನಂದೂ ಅಲ್ಲ, ನಿಂದೂ ಅಲ್ಲ. ಕೋರ್ಟಿಂದು. ಕೇಸು ಮುಗಿದ ಮ್ಯಾಲ ಅರ್ಜಿ ಕೊಡು.” ರೇವಣಸಿದ್ದಯ್ಯ ಮತ್ತೆ ಹೇಳಿದರು. “ಮರೀಬ್ಯಾಡ.”

ಕೀಲಿಕೈ ಮೊಳೆಗೆ ತೂಗುಹಾಕಿದ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಅವರು ವರದಿ ಬರೆಯಲೇಬೇಕಿತ್ತು, ಬರೆದರು. ಮಾಲು ಪೂರ್ತಿ ದೊರೆತದ್ದನ್ನೂ ಗುಂಡುಗಳು ಪ್ರತ್ಯೇಕ ಬೀಗದಲ್ಲಿದ್ದದ್ದನ್ನೂ ಅದೇ ಪುಟದಲ್ಲಿ ಸೇರಿಸಿದರು. ಮರುದಿನ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು.

ಅಂದು ಚಂದಾಪುರದಿಂದ ಬರುವ ದಾರಿಯಲ್ಲಿ, ಸೇಡಂ ಬಳಿ ಲಾಲ್ ಅಹ್ಮದ್ ಚಹಾ ತರಲು ಇಳಿದಿದ್ದ. ಜೀಪಿನ ಹಿಂಭಾಗದಲ್ಲಿ ಜಯಮಾಲಾಳ ಪಕ್ಕ ಕೂತಿದ್ದ ಭಾಗಮ್ಮ ತಡೆಯಲಾರದೆ ಕೇಳಿದಳು.

“ಭಾಳ ಚಂದ ಹೊಡೀತಿದ್ರೇನ್ರಿ ಅಕ್ಕಾ?”

“ಇಲ್ಲವ್ವಾ. ಭಾಳ ತಪ್ಪತಿತ್ತು. ಅಪ್ಪ ಉಸಿರು ಬಿಗಿಹಿಡಿ ಅಂತಿದ್ರು, ಕಣ್ಣು ನೆಟ್ಟಗಿಡು ಅಂತಿದ್ರು.” ಜಯಮಾಲಾ ಹೊರಗೆ ಸುಗ್ಗಿ ಮುಗಿದ ತೊಗರಿ ಹೊಲ ನೋಡುತ್ತಿದ್ದಳು. “ಕೈ ಬದಲು ಮಾಡು ಅಂತ ಒಂದಿನಾನೂ ಅನ್ಲಿಲ್ಲ.”