ರಾಣಿಯ ಗಂಟೆ ಮತ್ತು ಕೆರೆಯಾಚೆಯ ಜಿಂಕೆಗಳು

ಬೆಳಿಗ್ಗೆ ಆರಕ್ಕೆ ಅರಮನೆ ಉದ್ಯಾನದ ಮೇವಿನ ಮನೆಯ ಬೀಗ ತೆಗೆದಾಗ ಬೆಳ್ಳಿಯ ಗಂಟೆ ಕೊಕ್ಕೆಯಲ್ಲಿ ಇರಲಿಲ್ಲ.

ತೆಗೆದವನು ಹೆಬ್ಬಾಗಿಲ ಕಾವಲುಗಾರ. ಬೀಗ ಮುರಿದಿರಲಿಲ್ಲ. ಇದ್ದದ್ದು ಒಂದೇ ಕೀಲಿಕೈ — ಅವನ ಮನೆಯ ಮೊಳೆಗೆ ನೇತುಹಾಕಿದ್ದು.

ಹೊರಗೆ ಮಂಜು. ಕೆರೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯದು. ಅರಮನೆಯ ಗೋಪುರಗಳು ಬುಡವಿಲ್ಲದೆ ತೇಲುತ್ತಿದ್ದವು. ಹಿಂದೆ, ದೂರದೇಶದಿಂದ ಮದುವೆಯಾಗಿ ಬಂದ ರಾಣಿಯೊಬ್ಬಳು ತವರು ನೆನಪಾದಾಗಲೆಲ್ಲ ಆ ಗಂಟೆ ಬಾರಿಸುತ್ತಿದ್ದಳಂತೆ. ಅವಳು ತವರಿಂದ ತಂದ ಜಿಂಕೆಗಳು ಮರಗಳ ನಡುವಿಂದ ಒಂದೊಂದಾಗಿ ಬರುತ್ತಿದ್ದವಂತೆ. ರಾಣಿ ಹೋದಳು, ರಾಜ್ಯವೂ ಹೋಯಿತು. ಆ ಜಿಂಕೆಗಳ ಸಂತತಿ ಮಾತ್ರ ಅದೇ ನಾದಕ್ಕೆ ಇಂದಿಗೂ ಬರುತ್ತದೆ. ಅಜ್ಜನ ಕಾಲದಿಂದ ಗಂಟೆ ಬಾರಿಸುತ್ತಿದ್ದವರು ಕಾವಲುಗಾರನ ಮನೆಯವರೇ.

ಉದ್ಯಾನದ ಮೇಲ್ವಿಚಾರಕರು ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿಬಂದರು.

"ಸಂಜೆಯೊಳಗೆ ಗಂಟೆ ಸಿಗದಿದ್ರೆ ಹೆಬ್ಬಾಗಿಲ ಮನೆ ಖಾಲಿ ಮಾಡಪ್ಪ. ಕೆಲಸವೂ ಇಲ್ಲ, ಸೂರೂ ಇಲ್ಲ."



ಇನ್ಸ್‌ಪೆಕ್ಟರ್ ಬಂದಳು. ನೆಗಡಿ, ಕೈಯಲ್ಲಿ ಕರವಸ್ತ್ರ.

"ನಿನ್ನೆ ನಿಮ್ಮ ಮನೆಗೆ ಯಾರು ಬಂದಿದ್ರು?"

"ಈ ಸಾಹೇಬರು ಬಂದಿದ್ರು, ಮೇಡಂ. ಆಮೇಲೆ ಭಾವ, ಊಟಕ್ಕೆ."

ಭಾವ ಎಂದರೆ ಅಕ್ಕನ ಗಂಡ, ಕೆರೆಯ ದೋಣಿಗಾರ. ಅವನೂ ಅಲ್ಲೇ ನಿಂತಿದ್ದ.

"ಸಾಹೇಬರಿಗೆ ಅಲ್ಲೇನು ಕೆಲಸ?"

"ನಮ್ಮ ಮನೇಲಿ ಚಹದಂಗಡಿ ಮಾಡ್ಬೇಕು ಅಂತ ಗೋಡೆ ಅಳೀತಿದ್ರು."

ಮೇಲ್ವಿಚಾರಕರು ಕೆಂಪಾದರು. "ಅಳೆದವರೆಲ್ಲ ಕಳ್ಳರಾ?"

"ನಮ್ಮ ಭಾಮೈದನೂ ಕಳ್ಳ ಅಲ್ಲ ಬಿಡಿ," ದೋಣಿಗಾರ ನಕ್ಕ. "ಎರಡನೇ ಸಲ ಬಡಿಸು ಅಂತ ಹೆಂಡತಿಯನ್ನ ಕೇಳೋಕೂ ಹೆದರ್ತಾನೆ."

ಇನ್ಸ್‌ಪೆಕ್ಟರ್ ನಗಲಿಲ್ಲ. ಮೇವಿನ ಮನೆಯ ಕಾಳಿನ ಚೀಲಗಳನ್ನು ಬಗ್ಗಿ ನೋಡಿದಳು. ಮೂಲೆಗಳನ್ನು ಇಲಿ ಕಡಿದಿತ್ತು.

"ಗಂಟೆ ಬಾರಿಸದೆ ಜಿಂಕೆ ಬರಲ್ವಾ?"

"ಮರದ ನೆರಳು ದಾಟಲ್ಲ, ಮೇಡಂ."

"ಕಳ್ಳ ಹೊತ್ಕೊಂಡು ಹೋಗುವಾಗ ಅದು ಸದ್ದು ಮಾಡಿದ್ರೆ?"

"ಹಿಂಡೇ ಬೆನ್ನು ಹತ್ತುತ್ತೆ. ಇಲ್ಲಿನವರಿಗೆಲ್ಲ ಗೊತ್ತು."

"ಹಾಗಾದ್ರೆ ಅದೇನು?" ಇನ್ಸ್‌ಪೆಕ್ಟರ್ ಕೆರೆಯತ್ತ ಕೈ ತೋರಿದಳು.

ಮಂಜು ತುಸು ಸರಿದಿತ್ತು. ಕೆರೆಯಾಚೆ, ದೋಣಿಮನೆಯ ಮುಂದೆ ಜಿಂಕೆಗಳು ತಲೆ ತಗ್ಗಿಸಿ ನಿಂತಿದ್ದವು — ಯಾರದೋ ಕನಸಿನೊಳಗೆ ಬಂದು ಹೊರಹೋಗಲು ಮರೆತಂತೆ.

"ಪಾಪ, ಹಸಿದು ದಿಕ್ಕು ತಪ್ಪಿವೆ," ಎಂದರು ಮೇಲ್ವಿಚಾರಕರು.

"ನೀವು ಹಾಗೆ ಅಂದ್ಕೊಂಡಿದ್ದೀರಿ. ಗಂಟೆ ಇಲ್ಲದೆ ಬಂದಿವೆ ಅಂದ್ರೆ ಬೇರೇನೋ ಕರೆದಿದೆ. ನಡೀರಿ."

ಎಲ್ಲರೂ ಕೆರೆ ಸುತ್ತಿ ಹೋದಾಗ ದೋಣಿಮನೆಯ ಹೊಸ್ತಿಲ ಸಂದಿಗೆ ಒಂದು ಜಿಂಕೆ ನಾಲಿಗೆ ಹಾಕುತ್ತಿತ್ತು. ಇನ್ಸ್‌ಪೆಕ್ಟರ್ ಅಲ್ಲಿಂದ ಕಾಳೊಂದನ್ನು ಹೆಕ್ಕಿ ತೆಗೆದಳು.

"ಹೊರಗಿನವನಾದ್ರೆ ಸದ್ದಡಗಿಸೋ ಗೋಜಿಗೇ ಹೋಗ್ತಿರಲಿಲ್ಲ. ಇವನಿಗೆ ಜಿಂಕೆ ಬೆನ್ನು ಹತ್ತೋ ಭಯ. ಗಂಟೆಯ ನಾಲಿಗೆ ಅಲುಗದ ಹಾಗೆ ಅದನ್ನ ಕಾಳಿನ ಚೀಲದಲ್ಲಿ ಹೂತು ಹೊತ್ತ. ಇಲಿ ಕಡಿದ ಮೂಲೆ ಕತ್ತಲಲ್ಲಿ ಕಾಣಲಿಲ್ಲ. ದಾರಿಯುದ್ದಕ್ಕೂ ಕಾಳು ಉದುರಿತು. ಇವು ತಿಂದು ಗುರುತು ಅಳಿಸಿದವು — ಆದ್ರೆ ದಾರಿ ಮುಗಿದಲ್ಲೇ ನಿಂತುಬಿಟ್ಟವು. ಊಟಕ್ಕೆ ಬಂದು ಕೀಲಿ ತಗೊಂಡವರು, ವಾಪಸ್ ಮೊಳೆಗೆ ಹಾಕಿದ್ದು ಯಾವಾಗ, ದೋಣಿಗಾರರೇ?"

"ಬೆಳಕು ಹರಿಯೋ ಮುಂಚೆ," ಎಂದ ದೋಣಿಗಾರ. ಮಗುಚಿದ ದೋಣಿಯ ಕೆಳಗಿಂದ ತಾನೇ ಚೀಲ ಎಳೆದ. ಗಂಟೆ ಮಂದವಾಗಿ ಉಲಿಯಿತು. ಜಿಂಕೆಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

"ಯಾಕೆ ಭಾವ?"

"ನಿನ್ನ ಮನೇಲಿ ಒಲೆ ಇದೆ, ಬೆಚ್ಚಗಿನ ಗೋಡೆ ಇದೆ. ನಿಮ್ಮಕ್ಕ ಈ ದೋಣಿಮನೆಯ ತೇವದಲ್ಲಿ ಕೆಮ್ಮಿ ಕೆಮ್ಮಿ ಕಡ್ಡಿಯಾದಳು. ನೀನು ಹೋದ್ರೆ ಆ ಕೆಲಸ ನಂಗೇ ಬರ್ತಿತ್ತು."

"ನಂಗೊಂದು ಮಾತು ಹೇಳಬಾರದಿತ್ತಾ?"

"ಆ ಕೆಮ್ಮು ಕೆರೆಯಾಚೆಗೂ ಕೇಳಿಸ್ತಿತ್ತಲ್ಲೋ."



ಪೊಲೀಸ್ ಜೀಪು ದೋಣಿಗಾರನನ್ನು ಕರೆದೊಯ್ದಿತು. ಮಧ್ಯಾಹ್ನ ಕಾವಲುಗಾರ ಅಕ್ಕನನ್ನೂ ಅವಳ ಹಾಸಿಗೆಯನ್ನೂ ದೋಣಿಯಲ್ಲಿ ಕರೆತಂದು, ತನ್ನ ಮನೆಯ ಒಲೆಯ ಪಕ್ಕದ ಕೋಣೆಯಲ್ಲಿ ಜಾಗ ಮಾಡಿಕೊಟ್ಟ.